ಸಂಗಾತಿಯ ಹುಟ್ಟುಹಬ್ಬಕ್ಕೆ ಫಾರ್ಮ್ ಟು ಟೇಬಲ್ ಊಟ: ಒಂದು ಫೋನ್ ಕಾಲ್‌ನಿಂದ ಶುರು ಮಾಡಿ

ಗಂಡನದ್ದೋ ಹೆಂಡತಿಯದ್ದೋ ಹುಟ್ಟುಹಬ್ಬ ಬರುತ್ತಿದೆ. ಈ ಸಲ ಮಾಮೂಲಿ ಹೋಟೆಲ್ ಬೇಡ, ಯಾವುದಾದರೂ ಫಾರ್ಮ್ ಟು ಟೇಬಲ್, ಅಂದರೆ ಹೊಲದಿಂದ ನೇರ ಮಾಲು ತಂದು ಅಡುಗೆ ಮಾಡುವ, ರೆಸ್ಟೋರೆಂಟಿಗೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೀರಿ. ಒಳ್ಳೆಯದೇ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಲ್ಲಿ ಏನು ತಿನ್ನಬೇಕು ಅನ್ನುವ ತೀರ್ಮಾನ ಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆ ವಾರ ಹೊಲದಲ್ಲಿ ಏನು ಬಲಿತಿದೆಯೋ ಅದು ಅಡುಗೆಮನೆಗೆ ಬರುತ್ತದೆ, ಅಲ್ಲಿಂದ ನಿಮ್ಮ ತಟ್ಟೆಗೆ ಬರುತ್ತದೆ. ಬೇರೆ ಕಡೆ ಆದರೆ ಕೂತ ಮೇಲೆ ಮೆನು ತಿರುವಿ ಹಾಕಿ, ಇದು ಬೇಡ ಅದು ಕೊಡಿ ಅಂತ ಹೇಗೋ ಸಂಭಾಳಿಸಬಹುದು. ಇಲ್ಲಿ ಅದಕ್ಕೆ ಅಷ್ಟು ಜಾಗ ಇಲ್ಲ. ಹಾಗಾಗಿ ನಿಮ್ಮ ಕೆಲಸವೆಲ್ಲ ಊಟಕ್ಕೆ ಮೊದಲೇ ಮುಗಿದಿರಬೇಕು, ಅದರಲ್ಲಿ ಮುಕ್ಕಾಲು ಭಾಗ ಒಂದು ಫೋನ್ ಕಾಲ್‌ನಲ್ಲೇ ಮುಗಿಯುತ್ತದೆ.

ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದು ಯಾರ ಆಸೆ?

ಸ್ವಲ್ಪ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಿ. ಸಾವಯವ ಬೇಸಾಯ, ಹಳೇ ತಳಿಯ ಬೀಜ, ಮಣ್ಣಿನ ಆರೋಗ್ಯ ಅಂತ ದಿನವಿಡೀ ಓದುವವರು ನೀವು, ನಿಮ್ಮ ಸಂಗಾತಿಗೆ ಬೇಕಾಗಿರುವುದು ಅವರಿಗೆ ಗೊತ್ತಿರುವ ನಾಲ್ಕು ಐಟಂ ಮತ್ತು ಕೊನೆಗೊಂದು ದೊಡ್ಡ ಚಾಕೊಲೇಟ್ ಕೇಕ್ ಅಂತಾದರೆ, ಈ ಊಟ ನಿಮ್ಮ ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳಿ. ಅವರ ದಿನಕ್ಕೆ ಅವರಿಗೆ ಇಷ್ಟವಾದ ಜಾಗಕ್ಕೆ ಹೋಗಿ. ತಿನ್ನುವುದರಲ್ಲಿ ಹೊಸದನ್ನು ಕಂಡರೆ ಕಣ್ಣರಳಿಸುವವರು, ಸಂತೆಗೆ ಹೋದರೆ ತರಕಾರಿ ಮುಟ್ಟಿ ಮೂಸಿ ನೋಡುವವರು, ಅಂಗಳದ ಕುಂಡದಲ್ಲಿ ಏನಾದರೂ ಬೆಳೆಯುವವರು ಆದರೆ ಇದಕ್ಕಿಂತ ಒಳ್ಳೆಯ ಉಡುಗೊರೆ ಕಷ್ಟ.

ಎಲ್ಲ ಫಾರ್ಮ್ ಟು ಟೇಬಲ್ ಜಾಗಗಳೂ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಆ ದಿನಕ್ಕೆ ಒಂದೇ ಮೆನು, ಎಲ್ಲರಿಗೂ ಅದೇ. ಅಮೆರಿಕದ ಹೆಸರಾಂತ ಅಡುಗೆಯವರಾದ ಆಲಿಸ್ ವಾಟರ್ಸ್ 1971ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶೇ ಪನೀಸ್ ಅನ್ನುವ ರೆಸ್ಟೋರೆಂಟ್ ಶುರು ಮಾಡಿದಾಗ ಅಲ್ಲಿ ನಡೆದದ್ದು ಹೀಗೇ, ರಾತ್ರಿಗೊಂದು ಮೆನು, ಅಷ್ಟೇ. ಆಯ್ಕೆ ಬೇಕು ಅನ್ನುವವರಿಗೆ 1980ರಲ್ಲಿ ಅದೇ ಕಟ್ಟಡದ ಮಹಡಿಯಲ್ಲಿ ಒಂದು ಕೆಫೆ ತೆರೆದರು, ಅಲ್ಲಿ ಬೇಕಾದ್ದನ್ನು ಬಿಡಿಬಿಡಿಯಾಗಿ ಹೇಳಿ ತರಿಸಿಕೊಳ್ಳಬಹುದಿತ್ತು. ಇನ್ನೂ ಮುಂದೆ ಹೋದವರೂ ಇದ್ದಾರೆ. ನ್ಯೂಯಾರ್ಕ್ ನಗರದಿಂದ ಸ್ವಲ್ಪ ದೂರದಲ್ಲಿ, ಒಂದು ಫಾರ್ಮಿನ ಒಳಗೇ 2004ರಲ್ಲಿ ಶುರುವಾದ ಅಡುಗೆಯವರಾದ ಡ್ಯಾನ್ ಬಾರ್ಬರ್ ಅವರ ಬ್ಲೂ ಹಿಲ್ ಅಟ್ ಸ್ಟೋನ್ ಬಾರ್ನ್ಸ್ ಅನ್ನುವ ರೆಸ್ಟೋರೆಂಟ್ ಮೆನುವೇ ಇಲ್ಲದ ಊಟಕ್ಕೆ ಹೆಸರಾಯಿತು. ಕೂತರೆ ಒಂದರ ಹಿಂದೆ ಒಂದು ಬರುತ್ತಾ ಹೋಗುತ್ತದೆ.

ನಿಮ್ಮ ಸಂಗಾತಿ ಯಾವ ಥರದವರು ಅಂತ ನಿಮಗೆ ಗೊತ್ತು. ತಟ್ಟೆಗೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಕೂರುವುದು ಕೆಲವರಿಗೆ ಮಜಾ, ಕೆಲವರಿಗೆ ಅದೇ ದೊಡ್ಡ ತಲೆನೋವು. ಎರಡನೇ ಗುಂಪಿನವರಾದರೆ ಬಿಡಿ ಐಟಂ ಆರ್ಡರ್ ಮಾಡಲು ಬಿಡುವ ಜಾಗ ಹುಡುಕಿ. ಖರ್ಚು ಜಾಸ್ತಿ ಅನ್ನಿಸಿದರೆ ಮಧ್ಯಾಹ್ನದ ಊಟ ಕೊಡುತ್ತಾರಾ ಕೇಳಿ. ಕೊಡುವ ಕಡೆ ಅದು ಸಾಮಾನ್ಯವಾಗಿ ರಾತ್ರಿಗಿಂತ ಚಿಕ್ಕದು, ಅಗ್ಗ, ಮೇಲಾಗಿ ಬೆಳಕಿನಲ್ಲಿ ತೋಟವೂ ಕಾಣುತ್ತದೆ. ರಾತ್ರಿಯೂಟವೇ ಆಗಬೇಕು ಅಂತ ಯಾರೂ ಕಟ್ಟಳೆ ಮಾಡಿಲ್ಲ.

ಯಾವ ತಿಂಗಳು, ಯಾವ ವಾರ

ಹುಟ್ಟಿದ ತಿಂಗಳನ್ನು ಬದಲಾಯಿಸಲು ಆಗುವುದಿಲ್ಲವಲ್ಲ, ಹಾಗಾಗಿ ಆ ತಿಂಗಳಲ್ಲಿ ಹೊಲ ಏನು ಕೊಡುತ್ತದೆ ಅಂತ ತಿಳಿದುಕೊಂಡು ಹೋಗಿ. ಚಳಿ ಜಾಸ್ತಿ ಇರುವ ದೇಶಗಳಲ್ಲಿ ಬೇಸಿಗೆಯ ಕೊನೆ, ಸುಗ್ಗಿಯ ಹೊತ್ತು ಆದರೆ ಚಿಂತೆಯೇ ಇಲ್ಲ, ಟೊಮ್ಯಾಟೊ, ಜೋಳ, ಬದನೆ, ಹಣ್ಣು ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಅಲ್ಲಿ ಕಷ್ಟದ ಕಾಲ ಅಂದರೆ ಕೊರೆಯುವ ಚಳಿಗಾಲವಲ್ಲ, ಅದರ ನಂತರದ ವಸಂತ. ಹೊರಗೆ ಹೂವು ಅರಳಿರುತ್ತದೆ, ಹೊಲದಲ್ಲಿ ಹಳೇ ಬೆಳೆ ಮುಗಿದು ಹೊಸದು ಇನ್ನೂ ಕೈಗೆ ಬಂದಿರುವುದಿಲ್ಲ. ಬ್ರಿಟನ್ನಿನ ರೈತರಿಗೆ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ ಹೀಗೆ ಒಂದು ಬರದ ಅವಧಿ. ಆಗ ಹೋದರೆ ಉಪ್ಪಿನಲ್ಲಿ ಹುಳಿ ಬರಿಸಿದ್ದು, ಒಣಗಿಸಿಟ್ಟದ್ದು, ನೆಲಮಾಳಿಗೆಯಲ್ಲಿ ಇಟ್ಟಿದ್ದ ಗೆಡ್ಡೆ, ಜೊತೆಗೆ ಎಳೇ ಸೊಪ್ಪು, ಇದೇ ಜಾಸ್ತಿ. ಅದು ಕೆಟ್ಟ ಊಟ ಅಂತಲ್ಲ. ಒಳ್ಳೆಯ ಅಡುಗೆಯವರ ಕೈಚಳಕ ನಿಜವಾಗಿ ಗೊತ್ತಾಗುವುದೇ ಆಗ. ಆದರೆ ಸಂಗಾತಿ ಬಣ್ಣಬಣ್ಣದ ಟೊಮ್ಯಾಟೊ ತಟ್ಟೆಯ ಫೋಟೋ ನೋಡಿ ಆಸೆಪಟ್ಟಿದ್ದರೆ ಮುಖ ಸಪ್ಪೆ ಆಗುತ್ತದೆ. ವೆಬ್‌ಸೈಟಿನ ಫೋಟೋಗಳೆಲ್ಲ ಸುಗ್ಗಿ ಕಾಲದ್ದೇ ಆಗಿರುತ್ತವೆ, ನೋಡಿದ್ದೀರಲ್ವಾ?

ಚಳಿಗಾಲದ ಹುಟ್ಟುಹಬ್ಬದವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಹಿಮ ಬಿದ್ದ ಮೇಲೆ ಕಿತ್ತ ಕ್ಯಾರೆಟ್ ಬೇರೆ ಕಾಲದ ಕ್ಯಾರೆಟ್‌ಗಿಂತ ಸಿಹಿ. ಒಳಗಿನ ನೀರು ಹೆಪ್ಪುಗಟ್ಟದ ಹಾಗೆ ಕಾಪಾಡಿಕೊಳ್ಳಲು ಗಿಡ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಪಾಲಕ್, ಕೇಲ್ ಥರದ ಸೊಪ್ಪುಗಳದ್ದೂ ಇದೇ ಕಥೆ.

ಇನ್ನು ವಾರದ ದಿನ. ಇಂಥ ಚಿಕ್ಕ ರೆಸ್ಟೋರೆಂಟ್‌ಗಳು ಎಷ್ಟೋ ಕಡೆ ಸೋಮವಾರ, ಮಂಗಳವಾರ ಬಾಗಿಲು ಹಾಕಿರುತ್ತವೆ. ಹುಟ್ಟುಹಬ್ಬ ಸೋಮವಾರ ಬಂದರೆ ಹಿಂದಿನ ಗುರುವಾರಕ್ಕೋ ಮುಂದಿನ ಗುರುವಾರಕ್ಕೋ ಹಾಕಿಕೊಳ್ಳಿ. ಶನಿವಾರ ರಾತ್ರಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಟೇಬಲ್ ತುಂಬಿರುತ್ತದೆ, ಅಡುಗೆಮನೆಯವರಿಗೆ ನಿಮ್ಮ ಕಡೆ ತಿರುಗಿ ನೋಡಲೂ ಪುರುಸೊತ್ತು ಇರುವುದಿಲ್ಲ. ವಾರದ ನಡುವಿನ ಖಾಲಿ ಸಂಜೆಯಲ್ಲಿ ಅದೇ ಜನ ಬಂದು ನಿಂತು ಮಾತಾಡುತ್ತಾರೆ.

ನಿಜವಾಗಿಯೂ ಹೊಲದಿಂದ ಬರುತ್ತಾ?

ಗೋಡೆ ಮೇಲೆ ಕಪ್ಪು ಹಲಗೆ, ಅದರಲ್ಲಿ ಚಾಕ್‌ನಲ್ಲಿ ಬರೆದ ಹತ್ತು ಫಾರ್ಮ್‌ಗಳ ಹೆಸರು. ನೋಡಲು ಚೆಂದ. ನಂಬುವ ಮೊದಲು ಒಂದು ವಿಷಯ ಕೇಳಿ. 2016ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆಯ ಆಹಾರ ವಿಮರ್ಶಕಿ ಲಾರಾ ರೈಲಿ ತಮ್ಮ ಊರಿನ ರೆಸ್ಟೋರೆಂಟ್‌ಗಳ ಮೆನುಗಳನ್ನು ಹಿಡಿದುಕೊಂಡು, ಅದರಲ್ಲಿ ಹೆಸರಿಸಿದ್ದ ಫಾರ್ಮ್‌ಗಳಿಗೇ ಫೋನ್ ಮಾಡಿ, ಇವರಿಗೆ ನೀವು ಮಾಲು ಕೊಡುತ್ತಿದ್ದೀರಾ ಅಂತ ಕೇಳಿದರು. ಮೀನಿನ ತುಂಡುಗಳನ್ನು ಲ್ಯಾಬಿಗೂ ಕಳಿಸಿದರು. ಎಷ್ಟೋ ಮೆನುಗಳಲ್ಲಿ ಬರೆದದ್ದು ಸುಳ್ಳು ಅಂತ ಹೊರಬಿತ್ತು. ರೆಸ್ಟೋರೆಂಟಿನವರು ಯಾವಾಗಲೋ ಮಾಲು ಕೊಳ್ಳುವುದು ನಿಲ್ಲಿಸಿದ್ದ ಫಾರ್ಮ್‌ಗಳ ಹೆಸರು ಮೆನುವಿನಲ್ಲಿ ಹಾಗೇ ಉಳಿದಿತ್ತು.

ನೀವು ಪತ್ತೇದಾರಿಕೆ ಮಾಡಬೇಕಾಗಿಲ್ಲ, ಹುಟ್ಟುಹಬ್ಬದ ಊಟಕ್ಕೆ ಅಷ್ಟೆಲ್ಲ ಯಾಕೆ. ಎರಡು ಸಣ್ಣ ಪರೀಕ್ಷೆ ಸಾಕು. ಮೊದಲನೆಯದು, ಅವರ ಮೆನು ಬದಲಾಗುತ್ತಾ ನೋಡಿ. ಆರು ತಿಂಗಳ ಹಿಂದೆ ಯಾರೋ ಹಾಕಿದ ಮೆನು ಫೋಟೋ, ಈ ವಾರದ ಮೆನು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ವರ್ಷವಿಡೀ ಸ್ಟ್ರಾಬೆರಿ ಇದ್ದರೆ ಅದು ಯಾವುದೋ ದೂರದ ಊರಿನ ಸ್ಟ್ರಾಬೆರಿ. ಆ ಹಣ್ಣು ಕಿತ್ತ ಮೇಲೆ ಸಿಹಿಯಾಗುವುದಿಲ್ಲ, ಬಣ್ಣ ಏರಬಹುದು ಅಷ್ಟೇ. ದೂರ ಸಾಗಿಸಲೆಂದು ಗಟ್ಟಿ ಇರುವಾಗಲೇ ಕಿತ್ತದ್ದು ಕೊನೆವರೆಗೂ ಸಪ್ಪೆಯೇ. ಎರಡನೆಯದು, ಫೋನಿನಲ್ಲಿ ಸುಮ್ನೆ ಕೇಳಿ, ಈ ವಾರ ಹೊಸದಾಗಿ ಏನು ಬಂತು ಅಂತ. ನಿಜವಾಗಿ ರೈತರ ಜೊತೆ ಕೆಲಸ ಮಾಡುವ ಕಡೆ ಫೋನ್ ಎತ್ತಿದವರು ತಡವರಿಸದೆ ಉತ್ತರ ಹೇಳುತ್ತಾರೆ, ಹಲವು ಸಲ ನೀವು ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ. ಎಲ್ಲವೂ ಫ್ರೆಶ್ ಸಾರ್ ಅಂದರೆ ಅನುಮಾನ ಪಡಿ.

ಹತ್ತಿರದ್ದು ಅಂದ ಮಾತ್ರಕ್ಕೆ ಸಾವಯವ ಅಲ್ಲ, ಸಾವಯವ ಅಂದ ಮಾತ್ರಕ್ಕೆ ಹತ್ತಿರದ್ದೂ ಅಲ್ಲ. ನಿಮ್ಮ ಸಂಗಾತಿಗೆ ಇದು ಮುಖ್ಯ ಅನ್ನಿಸಿದರೆ ಎರಡನ್ನೂ ಬೇರೆಬೇರೆಯಾಗಿ ಕೇಳಿ. ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್ 2020ರಿಂದ ಪರಿಸರದ ಕಾಳಜಿ ಇರುವ ರೆಸ್ಟೋರೆಂಟ್‌ಗಳಿಗೆ ಗ್ರೀನ್ ಸ್ಟಾರ್ ಅಂತ ಕೊಡಲು ಶುರು ಮಾಡಿತು. ಸಿಕ್ಕಿದೆ ಅಂದರೆ ಒಂದು ಒಳ್ಳೆಯ ಸುಳಿವು. ಸಿಗದ ಎಷ್ಟೋ ಜಾಗಗಳೂ ಅಷ್ಟೇ ಚೆನ್ನಾಗಿರುತ್ತವೆ.

ಆ ಫೋನ್ ಕಾಲ್

ಆ್ಯಪ್‌ನಲ್ಲಿ ಟೇಬಲ್ ಬುಕ್ ಮಾಡಿ. ಆದರೆ ಅದರ ಕೆಳಗಿರುವ ವಿಶೇಷ ಸೂಚನೆ ಅನ್ನುವ ಚಿಕ್ಕ ಡಬ್ಬಿಯನ್ನು ನಂಬಿ ಕೂರಬೇಡಿ. ಬುಕ್ ಮಾಡಿದ ಮೇಲೆ ಫೋನ್ ಮಾಡಿ. ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗುವ ಮೊದಲು, ಮೂರು ನಾಲ್ಕು ಗಂಟೆ ಹೊತ್ತಿಗೆ. ಆಗ ಮಾತಾಡುವವರಿಗೆ ತಾಳ್ಮೆ ಇರುತ್ತದೆ. ಹೀಗೆ ಶುರು ಮಾಡಿ:

"ನಮಸ್ಕಾರ, ಮುಂದಿನ ತಿಂಗಳು 14ಕ್ಕೆ ಇಬ್ಬರಿಗೆ ಟೇಬಲ್ ಬುಕ್ ಮಾಡಿದ್ದೇನೆ. ಅವತ್ತು ನನ್ನ ಹೆಂಡತಿಯ ಹುಟ್ಟುಹಬ್ಬ. ಅವಳಿಗೆ ಗೋಡಂಬಿ, ಬಾದಾಮಿ ಥರದ ಬೀಜಗಳ ಅಲರ್ಜಿ ಇದೆ, ಡಾಕ್ಟರ್ ಹೇಳಿರುವ ಅಲರ್ಜಿ. ಅಣಬೆ ತಿಂದರೆ ಏನೂ ಆಗುವುದಿಲ್ಲ, ಅವಳಿಗೆ ಇಷ್ಟ ಇಲ್ಲ ಅಷ್ಟೇ. ಆ ಹೊತ್ತಿಗೆ ನಿಮ್ಮಲ್ಲಿ ಏನೇನು ಬರಬಹುದು?"

ಇದರಲ್ಲಿ ಅಲರ್ಜಿಯನ್ನೂ ಇಷ್ಟವಿಲ್ಲದ್ದನ್ನೂ ಬೇರೆ ಮಾಡಿ ಹೇಳಿದ್ದು ಬಹಳ ಮುಖ್ಯ. ಅಲರ್ಜಿ ಅಂದ ತಕ್ಷಣ ಅಡುಗೆಮನೆಯಲ್ಲಿ ಬೇರೆ ಬಾಣಲೆ, ಬೇರೆ ಚಾಕು, ಬೇರೆ ಎಣ್ಣೆ, ಬೇರೆ ಹಲಗೆ ಬರಬೇಕು. ಇಷ್ಟವಿಲ್ಲ ಅಂದರೆ ಒಂದು ಪದಾರ್ಥ ತೆಗೆದು ಇನ್ನೊಂದು ಹಾಕಿದರೆ ಆಯಿತು. ಇಷ್ಟವಿಲ್ಲದ್ದನ್ನೆಲ್ಲ ಅಲರ್ಜಿ ಅಂತ ಹೇಳುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಐದು ತರಕಾರಿಗೆ ಅಲರ್ಜಿ ಅಂತ ಬರೆಸಿಬಿಟ್ಟರೆ, ಆ ವಾರ ಹೊಲದಲ್ಲಿ ಬಂದಿರುವುದೇ ಆ ಐದು ಆಗಿದ್ದರೆ, ಅವರು ಪಾಪ ಏನು ಮಾಡಬೇಕು?

ಯುರೋಪಿಯನ್ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳು ಊಟದಲ್ಲಿದ್ದರೆ ಗ್ರಾಹಕರಿಗೆ ಹೇಳಲೇಬೇಕು ಅಂತ ಕಾನೂನಿದೆ. ಆ ಪಟ್ಟಿಯಲ್ಲಿ ಸೆಲರಿ, ಸಾಸಿವೆಯೂ ಇವೆ. ಅಮೆರಿಕದಲ್ಲಿ ಪ್ಯಾಕೆಟ್ ಆಹಾರದ ಲೇಬಲ್‌ಗೆ ಇರುವ ಪಟ್ಟಿಯಲ್ಲಿ 9 ಇವೆ, ಎಳ್ಳು ಸೇರಿದ್ದು 2023ರಲ್ಲಿ. ಅಂದರೆ ಒಂದು ದೇಶದಲ್ಲಿ ತಾವಾಗಿ ಹೇಳುವುದನ್ನು ಇನ್ನೊಂದು ಕಡೆ ನೀವೇ ಬಾಯಿ ಬಿಟ್ಟು ಕೇಳಬೇಕು. ಇಂಥ ಅಡುಗೆಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಬೆಳಿಗ್ಗೆ ಬಂದ ಮಾಲು ನೋಡಿ ಮಧ್ಯಾಹ್ನ ಮೆನು ಬದಲಾಗುತ್ತದೆ, ನೀವು ಮೂರು ವಾರದ ಹಿಂದೆ ಕೇಳಿಕೊಂಡಿದ್ದು ಅವತ್ತಿನ ತಟ್ಟೆಗೆ ಹೊಂದಬೇಕು ಅಂತೇನೂ ಇಲ್ಲ. ಅಲರ್ಜಿ ಇದ್ದರೆ ಅದೇ ದಿನ ಬೆಳಿಗ್ಗೆ ಇನ್ನೊಮ್ಮೆ ನೆನಪಿಸಿ, ಟೇಬಲ್‌ನಲ್ಲಿ ಕೂತ ಮೇಲೂ ಒಮ್ಮೆ ಹೇಳಿ. ಇದರಲ್ಲಿ ಸಂಕೋಚ ಬೇಡ.

ಸಸ್ಯಾಹಾರಿಗಳಿಗೆ ಇಂಥ ಜಾಗ ಹಬ್ಬ, ತರಕಾರಿಯನ್ನು ಇಷ್ಟು ಗೌರವದಿಂದ ನೋಡುವ ಅಡುಗೆಮನೆಗಳು ಕಡಿಮೆ. ಆದರೂ ಹುಷಾರು. ಕುಂಬಳಕಾಯಿ ಸೂಪ್ ಅಂತ ಬರೆದಿರುತ್ತಾರೆ, ಅದರ ನೀರು ಮೂಳೆ ಬೇಯಿಸಿ ತೆಗೆದದ್ದಾಗಿರುತ್ತದೆ. ಹುರಿದ ಆಲೂಗೆಡ್ಡೆಗೆ ಹಂದಿಯ ಕೊಬ್ಬು ಬಳಸಿರಬಹುದು. ಹಳೇ ವಿಧಾನದ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಪ್ರಾಣಿಯ ಯಾವ ಭಾಗವನ್ನೂ ಹಾಳು ಮಾಡಬಾರದು ಅನ್ನುವುದು ಈ ಅಡುಗೆಮನೆಗಳ ನಿಯಮ, ಹಾಗಾಗಿ ಮಾಂಸ ಎಲ್ಲೆಲ್ಲೋ ನುಸುಳಿರುತ್ತದೆ. ಮಾಂಸ ತಿನ್ನುವವರೂ ಇದನ್ನು ತಿಳಿದುಕೊಂಡಿರಬೇಕು, ಯಾಕೆಂದರೆ ಕರುಳು, ಲಿವರ್, ನಾಲಿಗೆ ಇವೆಲ್ಲ ಮೆನುವಿನಲ್ಲಿ ಬರುವುದು ಸಾಮಾನ್ಯ. ಸಂಗಾತಿ ಗರ್ಭಿಣಿ ಆಗಿದ್ದರೆ ಕಾಯಿಸದ ಹಾಲಿನ ಮೆತ್ತನೆ ಚೀಸ್, ಹಸಿ ಮೊಟ್ಟೆಯ ಸಾಸ್, ಬೇಯಿಸದೆ ಉಪ್ಪು ಹಾಕಿ ಒಣಗಿಸಿದ ಮಾಂಸ, ಇವು ಮೂರೂ ಬೇಡ ಅಂತ ಮೊದಲೇ ಹೇಳಿಬಿಡಿ. ಲಿಸ್ಟೀರಿಯಾ, ಸಾಲ್ಮೊನೆಲ್ಲಾ ಥರದ ಸೋಂಕಿನ ಭಯ ಇರುವುದು ಅಲ್ಲೇ.

ಈಗ ಖುಷಿಯ ವಿಷಯ. ಏನಾದರೂ ಸ್ಪೆಷಲ್ ಮಾಡಿ ಅಂತ ಹೇಳಬೇಡಿ. ಹಾಗಂದರೆ ಕೊನೆಗೆ ಬರುವುದು ಒಂದು ಕ್ಯಾಂಡಲ್ ಚುಚ್ಚಿದ ಐಸ್‌ಕ್ರೀಮ್. ಖಚಿತವಾಗಿ ಹೇಳಿ: ಅವಳಿಗೆ ನಿಂಬೆಯ ಹುಳಿ ಇರುವ ಸಿಹಿ ಅಂದರೆ ಪ್ರಾಣ, ತುಂಬ ಕೆನೆ ಇದ್ದರೆ ಮುಟ್ಟುವುದಿಲ್ಲ. ಅವನಿಗೆ ಅಂಜೂರ ಇಷ್ಟ, ಸಿಕ್ಕಿದರೆ ಯಾವುದಾದರೂ ಒಂದು ತಟ್ಟೆಯಲ್ಲಿ ಇರಲಿ. ನಡುವಿನ ಕೋರ್ಸ್‌ಗಳನ್ನು, ಅಂದರೆ ಒಂದರ ಹಿಂದೆ ಒಂದು ಬರುವ ತಟ್ಟೆಗಳನ್ನು, ಬದಲಾಯಿಸುವುದು ಕಷ್ಟ, ಅವು ಆ ವಾರದ ಮಾಲಿಗೆ ಕಟ್ಟುಬಿದ್ದಿರುತ್ತವೆ. ಸಿಹಿಯಲ್ಲಿ ಮಾತ್ರ ಅಡುಗೆಯವರಿಗೆ ಕೈ ಆಡಿಸಲು ಜಾಗ ಇರುತ್ತದೆ, ಮೊಟ್ಟೆ, ಹಾಲು, ಹಿಟ್ಟು, ಜಾಮ್ ಮಾಡಿಟ್ಟ ಹಣ್ಣು ಎಲ್ಲ ಕಾಲದಲ್ಲೂ ಕೈಗೆಟಕುತ್ತವೆ. ನಿಮ್ಮ ಕೋರಿಕೆಯನ್ನು ಅಲ್ಲಿಗೆ ಇಟ್ಟುಕೊಳ್ಳಿ, ನಡೆಸಿಕೊಡುವ ಸಾಧ್ಯತೆ ಜಾಸ್ತಿ.

ಅದೇ ಕಾಲ್‌ನಲ್ಲಿ ಇನ್ನೂ ಕೆಲವು ಮಾತು ಮುಗಿಸಿ. ಊಟ ಎಷ್ಟು ಹೊತ್ತು ನಡೆಯುತ್ತದೆ ಕೇಳಿ. ಚಿಕ್ಕಚಿಕ್ಕ ತಟ್ಟೆಗಳು ಸಾಲಾಗಿ ಬರುವ ಟೇಸ್ಟಿಂಗ್ ಮೆನು ಆದರೆ ಮೂರು ಗಂಟೆ ಹಿಡಿಯುವುದು ಮಾಮೂಲು, ಮನೆಯಲ್ಲಿ ಮಕ್ಕಳನ್ನು ಯಾರ ಹತ್ತಿರವೋ ಬಿಟ್ಟು ಬಂದಿದ್ದರೆ ಇದು ಗೊತ್ತಿರಬೇಕು. ಕೇಕ್ ಹೊರಗಿನಿಂದ ತರಬಹುದಾ, ತಂದರೆ ಅದನ್ನು ಕತ್ತರಿಸಿ ಬಡಿಸಲು ದುಡ್ಡು ತೆಗೆದುಕೊಳ್ಳುತ್ತಾರಾ ಕೇಳಿ, ಕೆಲವು ಕಡೆ ತೆಗೆದುಕೊಳ್ಳುತ್ತಾರೆ. ಯಾವ ಟೇಬಲ್ ಬೇಕು ಹೇಳಿ: ಕಿಟಕಿ ಪಕ್ಕವೋ, ಅಡುಗೆಮನೆ ಕಾಣುವ ಕಡೆಯೋ, ಗದ್ದಲ ಇಲ್ಲದ ಮೂಲೆಯೋ. ಮತ್ತೆ, ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುವುದು ನಿಮ್ಮ ಸಂಗಾತಿಗೆ ಇಷ್ಟವಾ? ನಾಚಿಕೆಯವರಾದರೆ ಹಾಡು ಬೇಡ ಅಂತ ಸ್ಪಷ್ಟವಾಗಿ ಹೇಳಿಬಿಡಿ. ಯಾರೂ ತಪ್ಪು ತಿಳಿದುಕೊಳ್ಳುವುದಿಲ್ಲ.

ಗುಟ್ಟಾಗಿ ಇಡುವ ಆಸೆ ಇದ್ದರೆ ಗಮನಿಸಿ. ಬುಕಿಂಗ್ ಖಾತ್ರಿಯ ಮೆಸೇಜ್ ಯಾವ ನಂಬರಿಗೆ ಬರುತ್ತದೆ? ಇಬ್ಬರಿಗೂ ಸೇರಿದ ಇಮೇಲ್ ಕೊಟ್ಟಿದ್ದರೆ ಕ್ಯಾಲೆಂಡರ್‌ನಲ್ಲಿ ತಾನಾಗಿ ಕೂತು ಗುಟ್ಟು ರಟ್ಟಾಗುತ್ತದೆ. ಬಾಗಿಲಲ್ಲಿ ನಿಂತವರು ಹ್ಯಾಪಿ ಬರ್ತ್‌ಡೇ ಅಂದುಬಿಟ್ಟರೆ ನೀವು ಕೊನೆಗೆ ಇಟ್ಟುಕೊಂಡಿದ್ದ ಪ್ಲಾನ್ ಎಲ್ಲ ಹೋಯಿತು, ಹಾಗಾಗಿ ಅದನ್ನೂ ಹೇಳಿರಿ.

ದುಡ್ಡು ಮುಂಗಡ ಕೇಳಿದರೆ ಆಶ್ಚರ್ಯ ಬೇಡ. ಷಿಕಾಗೋದ ನೆಕ್ಸ್ಟ್ ರೆಸ್ಟೋರೆಂಟ್ 2011ರಲ್ಲಿ ಊಟಕ್ಕೆ ಮೊದಲೇ ದುಡ್ಡು ಕಟ್ಟಿಸಿಕೊಂಡು ಟಿಕೆಟ್ ಮಾರಲು ಶುರು ಮಾಡಿತು, ಈಗ ಆ ಪದ್ಧತಿ ಎಷ್ಟೋ ಕಡೆ ಇದೆ. ಫಾರ್ಮ್ ಜೊತೆ ಕೆಲಸ ಮಾಡುವವರಿಗೆ ಇದು ಇನ್ನೂ ಬೇಕು. ಎಷ್ಟು ಜನ ಬರುತ್ತಾರೆ ಅನ್ನುವ ಲೆಕ್ಕ ಹಿಡಿದು ಬೆಳಿಗ್ಗೆ ಕೊಯ್ಯುತ್ತಾರೆ, ಇಬ್ಬರು ಬರದಿದ್ದರೆ ಕೊಯ್ದದ್ದನ್ನು ಗಿಡಕ್ಕೆ ವಾಪಸ್ ಅಂಟಿಸಲು ಆಗುತ್ತದಾ? ರದ್ದು ಮಾಡಲು ಕೊನೇ ದಿನ ಯಾವುದು ಅಂತ ಮಾತ್ರ ಬರೆದಿಟ್ಟುಕೊಳ್ಳಿ.

ಸೂರ್ಯ ಮುಳುಗುವ ಮೊದಲು ಹೋಗಿ

ರೆಸ್ಟೋರೆಂಟ್ ಫಾರ್ಮಿನ ಒಳಗೇ ಇದ್ದರೆ ಬುಕ್ ಮಾಡುವಾಗ ಗಡಿಯಾರ ನೋಡಬೇಡಿ, ಅವತ್ತಿನ ಸೂರ್ಯಾಸ್ತ ನೋಡಿ. ಅದಕ್ಕೆ ಒಂದು ಗಂಟೆ ಮೊದಲು ಅಲ್ಲಿರಿ. ಕತ್ತಲಾದ ಮೇಲೆ ಹೋದರೆ ಹೊಲವೂ ಒಂದೇ, ಪಾರ್ಕಿಂಗ್ ಜಾಗವೂ ಒಂದೇ. ಸುತ್ತಾಡಲು ಬಿಡುತ್ತಾರಾ ಮೊದಲೇ ಕೇಳಿ, ಕೆಲವರು ಯಾರನ್ನಾದರೂ ಜೊತೆಗೆ ಕಳಿಸುತ್ತಾರೆ. ಕೋಳಿ, ಹಂದಿ ಸಾಕಿರುವ ಕಡೆ ಹೊರಗಿನವರ ಚಪ್ಪಲಿಯಲ್ಲಿ ರೋಗ ಬರುತ್ತದೆ ಅಂತ ಒಳಗೆ ಬಿಡದೇ ಇರಬಹುದು, ಅದಕ್ಕೆ ಮುನಿಸು ಬೇಡ.

ಸಂಗಾತಿಗೆ ಎಲ್ಲಿಗೆ ಅಂತ ಹೇಳದಿದ್ದರೂ ಪರವಾಗಿಲ್ಲ, ಕಾಲಿಗೆ ಏನು ಹಾಕಬೇಕು ಅಂತ ಹೇಳಿ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಒದ್ದೆ ಮಣ್ಣಿನಲ್ಲಿ ನಡೆಯುವ ಪೇಚಾಟ ಹುಟ್ಟುಹಬ್ಬದ ದಿನ ಯಾರಿಗೂ ಬೇಡ. ಸಂಜೆ ತಂಪಾಗುತ್ತದೆ, ಒಂದು ಶಾಲು ಕಾರಿನಲ್ಲಿರಲಿ. ಮಧ್ಯಾಹ್ನ ಹೊಟ್ಟೆ ತುಂಬ ತಿನ್ನಬೇಡಿ, ಪೂರ್ತಿ ಉಪವಾಸವೂ ಬೇಡ. ಹಸಿದು ಕಂಗಾಲಾಗಿ ಹೋದವರು ಮೊದಲು ಬರುವ ಬ್ರೆಡ್ ಮತ್ತು ಬೆಣ್ಣೆಯಲ್ಲೇ ಹೊಟ್ಟೆ ತುಂಬಿಸಿಕೊಂಡು, ನಾಲ್ಕನೇ ಕೋರ್ಸ್‌ಗೆ ಚಮಚ ಕೆಳಗಿಡುತ್ತಾರೆ. ಆ ಬ್ರೆಡ್ ಚೆನ್ನಾಗಿರುತ್ತದೆ ನಿಜ. ಅದೇ ಸಮಸ್ಯೆ.

ಟೇಬಲ್‌ನಲ್ಲಿ

ತಟ್ಟೆ ಬಂತು ಅಂದುಕೊಳ್ಳಿ. ಮಧ್ಯದಲ್ಲಿ ಮೂರೇ ಮೂರು ಕ್ಯಾರೆಟ್, ಬೆರಳಿನಷ್ಟು ಉದ್ದ. ತಲೆಯಲ್ಲಿ ಒಂದಂಗುಲ ಹಸಿರು ಕಾಂಡ ಹಾಗೇ ಬಿಟ್ಟಿದ್ದಾರೆ. ಸಿಪ್ಪೆ ತೆಗೆದಿಲ್ಲ, ಒಂದು ಮಗ್ಗುಲು ಬೆಂಕಿಗೆ ತಾಗಿ ಕಪ್ಪಗಾಗಿದೆ. ಕೆಳಗೆ ಅದೇ ಕ್ಯಾರೆಟ್ಟಿನ ಸೊಪ್ಪು ಅರೆದು ಮಾಡಿದ ಹಸಿರು ಸಾಸ್, ಅದರ ಮೇಲೆ ನಾಲ್ಕು ಹರಳು ಉಪ್ಪು. ಇಬ್ಬರ ಮನಸ್ಸಿನಲ್ಲೂ ಒಟ್ಟಿಗೆ ಬರುವ ಮಾತು: ಇಷ್ಟೇನಾ? ನಗು ಬಂದರೆ ನಗಿ, ತೊಂದರೆ ಇಲ್ಲ. ಆಮೇಲೆ ಕಾಂಡ ಹಿಡಿದು ಕೈಯಲ್ಲೇ ತಿಂದು ನೋಡಿ. ಆ ಹಸಿರು ಕಾಂಡವನ್ನು ಸುಮ್ನೆ ಅಂದಕ್ಕೆ ಬಿಟ್ಟಿರುವುದಿಲ್ಲ. ಸೊಪ್ಪು ಜೊತೆಗಿದ್ದರೆ ಅದು ಗೆಡ್ಡೆಯಿಂದ ನೀರು ಎಳೆದು ಬೇಗ ಬಾಡಿಸುತ್ತದೆ, ಹಾಗಾಗಿ ಗೋದಾಮಿಗೆ ಹೋಗುವ ಕ್ಯಾರೆಟ್‌ನ ಸೊಪ್ಪನ್ನು ಮೊದಲೇ ಕತ್ತರಿಸುತ್ತಾರೆ. ಬಾಡದ ಸೊಪ್ಪಿನ ಜೊತೆ ಅಡುಗೆಮನೆಗೆ ಬಂದಿದೆ ಅಂದರೆ ಮಣ್ಣಿನಿಂದ ಎದ್ದು ಹೆಚ್ಚು ಹೊತ್ತಾಗಿಲ್ಲ.

ಜೋಳದ್ದು ಇನ್ನೂ ಮಜಾ. ಸಿಹಿ ಜೋಳ ತೆನೆ ಮುರಿದ ಕ್ಷಣದಿಂದ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಬೆಳಿಗ್ಗೆ ಮುರಿದದ್ದನ್ನು ರಾತ್ರಿ ತಿನ್ನುವುದಕ್ಕೂ ಅಂಗಡಿಯಲ್ಲಿ ವಾರ ಕೂತದ್ದಕ್ಕೂ ವ್ಯತ್ಯಾಸ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಟೊಮ್ಯಾಟೊ ಫ್ರಿಜ್ಜಿಗೆ ಹೋಗದೆ ನೇರ ತಟ್ಟೆಗೆ ಬಂದಿದ್ದರೆ ಅದರ ಪರಿಮಳ ಉಳಿದಿರುತ್ತದೆ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಹಣ್ಣು ಆ ವಾಸನೆಯ ಅಂಶಗಳನ್ನು ತಯಾರಿಸುವುದನ್ನೇ ಕಡಿಮೆ ಮಾಡಿಬಿಡುತ್ತದೆ. ಇಂಥವನ್ನು ಗಮನಿಸಿ ತಿಂದರೆ, ಮೂರು ಕ್ಯಾರೆಟ್ಟಿಗೆ ಇಷ್ಟೊಂದು ದುಡ್ಡಾ ಅನ್ನುವ ಮುನಿಸು ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಯುತ್ತದೆ ಅಂತ ಹೇಳುವುದಿಲ್ಲ.

ಆದರೆ ಇದನ್ನೆಲ್ಲ ನೀವು ಟೇಬಲ್‌ನಲ್ಲಿ ಪಾಠ ಮಾಡಬೇಡಿ! ಬಡಿಸುವವರೇ ಪ್ರತಿ ತಟ್ಟೆಗೂ ಒಂದು ಕಥೆ ಹೇಳುತ್ತಾರೆ: ಇದು ಯಾವ ಹೊಲ, ಯಾವ ತಳಿ, ಮಣ್ಣಿಗೆ ಏನು ಹಾಕಿದ್ದಾರೆ. ಮೊದಲೆರಡು ತಟ್ಟೆಗೆ ಕೇಳಲು ಚೆನ್ನಾಗಿರುತ್ತದೆ. ಏಳನೇ ತಟ್ಟೆ ಹೊತ್ತಿಗೆ, ನೀವಿಬ್ಬರೂ ಮಾತಿನ ಮಧ್ಯೆ ಇರುವಾಗ ಮತ್ತೆ ಕಥೆ ಶುರುವಾದರೆ ಸುಸ್ತು. ನಗುತ್ತಾ, ನಾವು ಸ್ವಲ್ಪ ಮಾತಾಡುತ್ತಿದ್ದೇವೆ, ಇನ್ನು ಮುಂದೆ ಹೆಸರಷ್ಟೇ ಹೇಳಿ ಸಾಕು ಅಂದರೆ ಅವರಿಗೆ ಅರ್ಥವಾಗುತ್ತದೆ. ಸಂಗಾತಿಗೆ ಆ ಕಥೆಗಳೇ ಇಷ್ಟವಾದರೆ ನೀವು ಸುಮ್ಮನಿದ್ದು ಕೇಳಿಸಿಕೊಳ್ಳಿ. ಅವರ ದಿನ ಅಲ್ವಾ.

ಫೋಟೋ ತೆಗೆಯಿರಿ, ಆದರೆ ತಟ್ಟೆ ಬಿಸಿ ಇರುವಾಗಲೇ ತಿನ್ನಿ. ತಟ್ಟೆಯ ಫೋಟೋ ಹತ್ತು ತೆಗೆಯುವ ಬದಲು ತಿನ್ನುತ್ತಿರುವವರ ಫೋಟೋ ಎರಡು ತೆಗೆಯಿರಿ. ಏನಾದರೂ ಇಷ್ಟವಾಗದಿದ್ದರೆ ಬಲವಂತವಾಗಿ ಮುಗಿಸಬೇಕಾಗಿಲ್ಲ, ಅದಲುಬದಲು ಮಾಡಿಕೊಳ್ಳಿ. ಮದ್ಯ ಕುಡಿಯದವರಿಗೆ ಕೋರ್ಸ್‌ಗೆ ತಕ್ಕ ಹಾಗೆ ಹಣ್ಣು, ಸೊಪ್ಪಿನ ಪಾನೀಯ ಕೊಡುವ ವ್ಯವಸ್ಥೆ ಈಗ ಎಷ್ಟೋ ಕಡೆ ಇದೆ, ಕೇಳಿ ನೋಡಿ. ವೈನ್ ಕುಡಿಯುವವರು ಪ್ರತಿ ಕೋರ್ಸ್‌ಗೂ ಒಂದೊಂದು ಗ್ಲಾಸ್ ಅಂತ ಒಪ್ಪಿಕೊಂಡರೆ ಕೊನೆಯ ಸಿಹಿ ತಿಂದದ್ದೇ ನೆನಪಿರುವುದಿಲ್ಲ. ಇಬ್ಬರೂ ಒಂದೇ ಸೆಟ್ ಹಂಚಿಕೊಳ್ಳಬಹುದಾ ಅಂತ ಕೇಳಬಹುದು.

ಉಡುಗೊರೆ, ಬಿಲ್, ವಾಪಸ್ ಹೋಗುವುದು

ಉಡುಗೊರೆಯ ಡಬ್ಬಿಯನ್ನು ಟೇಬಲ್ ಮೇಲೆ ಬಿಚ್ಚಲು ಹೋಗಬೇಡಿ, ಪ್ರತಿ ಹದಿನೈದು ನಿಮಿಷಕ್ಕೆ ಹೊಸ ತಟ್ಟೆ ಬರುವ ಟೇಬಲ್‌ನಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಮನೆಯಲ್ಲೇ ಕೊಟ್ಟು ಹೊರಡಿ. ಒಂದು ಪತ್ರವೋ ಕಾರ್ಡೋ ಆದರೆ ಸರಿ, ಸಿಹಿ ಬರುವ ಮೊದಲು ಕೊಡಿ. ಫಾರ್ಮಿನಲ್ಲಿ ಅಂಗಡಿ ಇದ್ದರೆ ಸಾಮಾನ್ಯವಾಗಿ ಊಟ ಮುಗಿಯುವ ಹೊತ್ತಿಗೆ ಮುಚ್ಚಿರುತ್ತದೆ. ಸಂಗಾತಿಗೆ ಗಿಡದ ಹುಚ್ಚಿದ್ದರೆ ಬೀಜದ ಪೊಟ್ಟಣವೋ ಜೇನಿನ ಬಾಟಲಿಯೋ ಹೋದ ತಕ್ಷಣ ತೆಗೆದಿಟ್ಟುಕೊಳ್ಳಿ. ಅವತ್ತಿನ ಮೆನು ಕಾರ್ಡ್ ಒಂದು ಕೊಡುತ್ತೀರಾ ಅಂತ ಕೇಳಿ. ನಾಳೆ ಅದು ಅವರಿಗೂ ಬೇಡದ ಕಾಗದ, ಖುಷಿಯಿಂದ ಕೊಡುತ್ತಾರೆ, ಕೆಲವರು ತಾರೀಖು ಹಾಕಿ ಸಹಿಯನ್ನೂ ಮಾಡಿಕೊಡುತ್ತಾರೆ.

ಬಿಲ್ ಟೇಬಲ್‌ಗೆ ಬರದ ಹಾಗೆ ನೋಡಿಕೊಳ್ಳಿ. ಇಬ್ಬರ ದುಡ್ಡೂ ಒಂದೇ ಖಾತೆಯಿಂದ ಹೋಗುವ ಮನೆಗಳಲ್ಲಿ, ಆ ಮೊತ್ತ ನೋಡಿದ ತಕ್ಷಣ ಇಷ್ಟಾಯಿತಾ ಅಂತ ಶುರುವಾದರೆ ತಿಂದದ್ದೆಲ್ಲ ಇಳಿಯುತ್ತದೆ. ಕೂರುವ ಮೊದಲೇ ಕಾರ್ಡ್ ಕೊಟ್ಟುಬಿಡಿ, ಇಲ್ಲ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕೌಂಟರ್‌ನಲ್ಲಿ ಮುಗಿಸಿ. ಸರ್ವಿಸ್ ಚಾರ್ಜ್ ಸೇರಿದೆಯಾ ಇಲ್ಲವಾ ಅಂತ ಮಾತ್ರ ಸರಿಯಾಗಿ ನೋಡಿ, ಸೇರಿದ್ದರೂ ಗೊತ್ತಾಗದೆ ಮೇಲೆ ಇನ್ನೊಮ್ಮೆ ಕೊಡುವವರು ತುಂಬ ಜನ.

ಕೊನೆಯದಾಗಿ ಗಾಡಿ. ಫಾರ್ಮ್‌ಗಳು ಊರಿನ ಹೊರಗಿರುತ್ತವೆ, ರಸ್ತೆಗೆ ದೀಪ ಇರುವುದಿಲ್ಲ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಆ್ಯಪ್ ತೆರೆದರೆ ಹತ್ತಿರದಲ್ಲಿ ಒಂದು ಟ್ಯಾಕ್ಸಿಯೂ ಕಾಣಿಸುವುದಿಲ್ಲ. ಇಬ್ಬರಲ್ಲಿ ಒಬ್ಬರು ಕುಡಿಯದೆ ಇದ್ದು ಡ್ರೈವ್ ಮಾಡುವುದಾದರೆ ಅದು ನೀವೇ ಆಗಿರಿ, ಹುಟ್ಟುಹಬ್ಬದವರ ಕೈಗೆ ಸ್ಟೀರಿಂಗ್ ಕೊಡಬೇಡಿ. ಟ್ಯಾಕ್ಸಿ ಆದರೆ ಟೇಬಲ್ ಬುಕ್ ಮಾಡಿದ ದಿನವೇ ವಾಪಸ್ ಬರುವುದಕ್ಕೂ ಬುಕ್ ಮಾಡಿ, ಅವರು ಹೇಳಿದ ಸಮಯಕ್ಕೆ ಅರ್ಧ ಗಂಟೆ ಸೇರಿಸಿ ಹೇಳಿ, ಸಿಹಿ ಟೇಬಲ್‌ಗೆ ಬಂದಾಗ ರೆಸ್ಟೋರೆಂಟಿನ ವೈಫೈಯಿಂದ ಡ್ರೈವರ್‌ಗೆ ಒಂದು ಮೆಸೇಜ್ ಹಾಕಿ.